ನಿಂಬೆಯ ಗಾಯ

ನಡುಮನೆಯ ಫರಸಿ ಮೇಲೆ
ಮಗಳು ಜುಬೇದಾ ಹೆಚ್ಚಿಟ್ಟ ನಿಂಬೆ ಹೋಳು
ಇಡೀ ಮಧ್ಯಾಹ್ನ ಮಗುಚಿ ಬಿದ್ದಿತ್ತು.
ಎತ್ತಿದರೆ ಕೆಳಗೊಂದು ಬೆಳ್ಳನೆಯ ಗುಂಡು ಕಲೆ,
ಬೆರಳಿಗೆ ತರಿತರಿ.

ಒರೆಸಿದೆ. ತಿಕ್ಕಿದೆ. ಹೋಗಲಿಲ್ಲ.

‘ಕಲೆ ಅಲ್ಲ, ಗಾಯ ಅದ ಅದು’ ಅಂದರು ಮಾವ ದಸ್ತಗೀರಸಾಬರು,
ಶಹಾಬಾದಿನ ಖಣಿಯಲ್ಲಿ ನಲವತ್ತು ವರ್ಷ ಉಳಿ ಬಡಿದು
ಕಲ್ಲಿನ ಪದರು ಹಾಳೆಯಂತೆ ಬಿಡಿಸಿದವರು.
‘ಹುಳಿ ಅಂದ್ರ ಇದಕ್ಕ ಆಗಂಗಿಲ್ಲ’
ಎಂದು ಇನ್ನೊಂದು ಹನಿ ಹಿಂಡಿದರು.
ಕಿವಿ ಹಚ್ಚಿದೆ: ಹೌದೋ ಅಲ್ಲವೋ ಎಂಬಷ್ಟು ಸಣ್ಣ ನೊರೆಯ ಸದ್ದು.

ಎಂದಿನಿಂದ ಹಿಡಿದ ಉಸಿರೋ,
ಈ ಊರು ಸಮುದ್ರವಾಗಿದ್ದಾಗಿನದು,
ಕಾಗಿಣಾ ಹೊಳೆಗೆ ಹೆಸರೇ ಇಲ್ಲದಾಗಿನದು.

ಉಗುರಿಗೆ ಬಗ್ಗದು, ಮೊಳೆಗೆ ಗೆರೆ ಕೊಡುತ್ತದೆ.
ಸುಟ್ಟರೆ ಸುಣ್ಣ; ನೀರು ಹೊಯ್ದರೆ ಕುದಿದು ಸಿಟ್ಟು ತೀರಿಸಿ
ಗೋಡೆ ಹತ್ತಿ, ಗಾಳಿ ಕುಡಿದು
ಮೆಲ್ಲಗೆ ಮತ್ತೆ ಕಲ್ಲಾಗುತ್ತದೆ.
ಅತ್ತ ವಾಡಿಯಲ್ಲಿ ಅದನ್ನೇ ಪುಡಿಮಾಡಿ, ಸುಟ್ಟು
ಸಿಮೆಂಟಿನ ಚೀಲಕ್ಕೆ ತುಂಬುತ್ತಾರೆ.
ಮಾವನ ತಂಬಾಕಿನ ಡಬ್ಬಿಯ ಮೂಲೆಯಲ್ಲೂ
ಕಡಲೆಯಷ್ಟು.

ರಾತ್ರಿ ಅವರು ಕೆಮ್ಮುತ್ತಾರೆ.
ಗಾಯದ ಮೇಲೆ ಜುಬೇದಾ ನೀರಿನ ಮಟಕಾ ಇಟ್ಟಿದ್ದಾಳೆ.
ಚಾಪೆ ಸುತ್ತಿಟ್ಟು, ಬರಿ ಕಲ್ಲಿನ ತಂಪಿಗೆ ಬೆನ್ನು ಕೊಟ್ಟು
ನಾನು ಎಣಿಸುತ್ತೇನೆ,
ಒಂದು ಒಳಗೆ,
ಒಂದು ಹೊರಗೆ.