ಸೀಮೆಸುಣ್ಣದ ಯಂತ್ರ

ಗ್ಯಾರೇಜಿನ ನೆಲದ ಮೇಲೆ ಮೆರಿನ್
ಸೀಮೆಸುಣ್ಣದಲ್ಲಿ ಎರಡು ಚೌಕ ಬರೆದಳು.
ಒಂದು ಜಾಯಿಂಟರು, ಇನ್ನೊಂದು ಪ್ಲೇನರು.
ಆಮೇಲೆ ಉದ್ದನೆಯ ಪೊರಕೆಕೋಲು ಹಿಡಿದು
ನನಗೆ ಹೇಳಿದಳು: ನೀನು ಯಂತ್ರ, ಅಲ್ಲಿ ನಿಲ್ಲು.

ನಿಂತೆ. ಮೂವತ್ತೊಂದು ವರ್ಷದ ಸಂಸಾರದಲ್ಲಿ
ಇದಕ್ಕಿಂತ ಕಷ್ಟದ ಪಾತ್ರ ಮಾಡಿದ್ದೇನೆ.
ಕೋಲು ನನ್ನ ಸೊಂಟ ಸವರಿ ಮುಂದೆ ಹೋಯಿತು,
ಹೋಗಿ ಫ್ರೀಜರಿಗೆ ಡಿಕ್ಕಿ ಹೊಡೆಯಿತು.
ಒಳಗೆ ನಾನು ಹಿಡಿದ ಮೀನು,
ಎರಡು ಚಳಿಗಾಲಕ್ಕಾಗುವಷ್ಟು.
ಮೀನಿನ ಬಗ್ಗೆ ಅವಳು ಏನೂ ಅನ್ನಲಿಲ್ಲ.
ಒಂದು ಚೌಕ ಒರೆಸಿದಳು, ಕಾಲಿನಿಂದ.

ಇಷ್ಟಕ್ಕೆಲ್ಲ ಕಾರಣ ಒಂದು ಹಲಗೆ.
ಹುವಾನ್ ಹೊಳೆಯಾಚೆ ಕೆಲ್ವಿನ್ ಆರ್ಪ್‌ವುಡ್ಡನ ಹುಲ್ಲುಗಾವಲಲ್ಲಿ
ಗಾಳಿಗೆ ಉರುಳಿದ ಬ್ಲ್ಯಾಕ್‌ವುಡ್ ಮರ.
ಸೀಳಿಸಿ, ನಡುನಡುವೆ ಕಡ್ಡಿ ಕೊಟ್ಟು, ನಾಲ್ಕು ವರ್ಷ ಒಣಗಿಸಿದ್ದು.
ಅಗಲ ಇನ್ನೂರ ತೊಂಬತ್ತು ಮಿಲಿಮೀಟರ್.
ಬೆರಳು ಒದ್ದೆ ಮಾಡಿ ಸವರಿದರೆ
ಜೇನು, ಜೇನಿನಡಿ ಹೊಗೆ.
ಆದರೆ ಒಂದು ಮೂಲೆ ಎದ್ದಿದೆ.
ಮೇಜಿನ ಮೇಲಿಟ್ಟು ಅಮುಕಿದರೆ ಟಕ್ ಎನ್ನುತ್ತದೆ,
ಬಿಟ್ಟರೆ ಮತ್ತೆ ಟಕ್.

ಬರೀ ಪ್ಲೇನರ್ ಸಾಲದೇ? ಕೇಳಿದ್ದು ನಾನು, ಬೆಲೆ ಓದಿ.
ಇಪ್ಪತ್ತೆರಡು ವರ್ಷ ಶಾಲೆಯ ಬಸ್ಸು ಓಡಿಸಿದವಳು
ಕೊನೆಯ ಸೀಟಿನ ಹುಡುಗನಿಗೆ ಹೇಳುವಂತೆ ಹೇಳಿದಳು:
ಅದರ ಉರುಳೆಗಳು ಸೊಟ್ಟ ಹಲಗೆಯನ್ನು ಒತ್ತಿ ಹಿಡಿಯುತ್ತವೆ.
ಒತ್ತಿದಷ್ಟು ಹೊತ್ತು ನೆಟ್ಟಗೆ.
ಆಚೆ ಬಂದ ಕೂಡಲೇ ಹಲಗೆಗೆ ತನ್ನ ನೆನಪಾಗುತ್ತದೆ.
ತೆಳ್ಳಗಾಗಿರುತ್ತದೆ, ನುಣ್ಣಗಾಗಿರುತ್ತದೆ,
ಸೊಟ್ಟ ಮಾತ್ರ ಸೊಟ್ಟವೇ.
ಮೊದಲು ಒಂದು ಮುಖ, ಯಾರೂ ಅದುಮದೆ, ಸಮವಾಗಬೇಕು.
ಜಾಯಿಂಟರಿನ ಕೆಲಸ ಅಷ್ಟೇ.
ಇನ್ನೊಂದು ಮುಖ ಆಮೇಲೆ ಅದನ್ನು ನೋಡಿ ಕಲಿಯುತ್ತದೆ.

ನಾನು ನನ್ನ ಅಣ್ಣತಮ್ಮಂದಿರನ್ನು ನೆನೆದು ಸುಮ್ಮನಾದೆ.

ಕೆಲ್ವಿನ್ ಬಂದ. ಅವನ ಶೆಡ್ಡಿನಲ್ಲಿ ಎರಡೂ ಯಂತ್ರ ಬೇರೆ ಬೇರೆ,
ಜೊತೆಗೆ ಒಂದು ಟ್ರ್ಯಾಕ್ಟರು, ಕುರಿ ಕಟ್ಟುವಷ್ಟು ಜಾಗ.
ಎರಡೂ ಒಂದರಲ್ಲೇ ಎಂದರೆ ಎರಡು ದೋಣಿಯ ಮೇಲೆ ಕಾಲು, ಎಂದ.
ಮೇಲಿನ ಮೇಜು ಎತ್ತು, ಹೊಟ್ಟಿನ ಕೊಳವೆ ತಿರುಗಿಸು,
ಕೆಳಗಿನದನ್ನು ಏರಿಸು, ಹೊಂದಿಸಿದ್ದೆಲ್ಲ ಹೋಯಿತು.
ಆರಿಂಚಿನ ಚಿಕ್ಕ ಜಾಯಿಂಟರ್ ತಗೋ.
ಹಲಗೆ ಅಗಲವೇ? ನಡುವೆ ಸೀಳು, ಸಮ ಮಾಡು, ಅಂಟಿಸು.
ಗೆರೆ ಯಾರಿಗೆ ಕಾಣುತ್ತೆ?
ನನಗೆ, ಎಂದಳು ಮೆರಿನ್.
ಒಂಬತ್ತೂವರೆ ಬೆರಳಿನ ಕೆಲ್ವಿನ್ ಟೋಪಿ ಸರಿಮಾಡಿಕೊಂಡು
ಚಹಾ ಕುಡಿದು ಹೋದ.

ಹೋಬಾರ್ಟಿನ ಅಂಗಡಿಯಲ್ಲಿ ಹುಡುಗ ಬಣ್ಣದ ಬಗ್ಗೆ ಹೇಳುತ್ತಿದ್ದ.
ಅವಳು ಚೀಲದಿಂದ ಮೊಟ್ಟೆ ಬೇಯಿಸುವ ಗಡಿಯಾರ ತೆಗೆದು
ಮೇಜು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು.
ಮೊದಲ ಸಲ ನಾಲ್ಕು ನಿಮಿಷ. ಮೂರನೆಯದಕ್ಕೆ ಎರಡೂ ಇಲ್ಲ.
ಉಕ್ಕಿನ ಪಟ್ಟಿಯನ್ನು ಎರಡು ಮೇಜಿಗೂ ಅಡ್ಡ ಇಟ್ಟು
ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ,
ಅಡಿಯಿಂದ ಬೆಳಕು ನುಸುಳುವುದೇ ಎಂದು ನೋಡಿದಳು.
ನಮ್ಮ ಮದುವೆಗೆ ಮುಂಚೆ ನನ್ನನ್ನೂ ಹಾಗೆ ನೋಡಿದ್ದಳು.
ಮುನ್ನೂರ ಹತ್ತು ಮಿಲಿಮೀಟರಿನದು, ಎಂದಳು. ಇದೇ.
ದುಡ್ಡು ನನ್ನ ದೋಣಿಯ ಹೊಸ ಮೋಟಾರಿನದು.

ಈಗ ಒಂದು ಮುಖ ಮುಗಿದು ಇನ್ನೊಂದಕ್ಕೆ ಹೋಗುವಾಗ
ಯಂತ್ರ ನಿಲ್ಲುತ್ತದೆ. ಅವಳು ಕಿವಿಯ ಮುಚ್ಚಳ ಇಳಿಸುತ್ತಾಳೆ.
ಒಂದು ನಿಮಿಷ ಐವತ್ತು ಸೆಕೆಂಡು.
ಅಷ್ಟರಲ್ಲಿ ಕರೆಂಟಿನ ಬಿಲ್ಲು, ನನ್ನ ಮೊಣಕಾಲು,
ಆರ್ಪ್‌ವುಡ್ಡನ ಕೆಮ್ಮು.
ಎತ್ತಿದ ಮೇಜಿನ ಮರೆಯಿಂದ ನಿನ್ನೆ ಕೇಳಿದಳು:
ಫ್ರೀಜರ್ ಆಚೆ ಹಾಕಿದ್ದು ಬೇಜಾರೇ?
ಇಲ್ಲ ಎಂದೆ.
ತುಸು ತಡೆದು, ಹೂಂ ಎಂದೆ.
ಹಿಡಿಕೆ ತಿರುಗುವುದು ನಿಂತಿತು.

ನೆಲದಲ್ಲಿ, ಯಂತ್ರದ ಪಕ್ಕ,
ಒರೆಸಿದರೂ ಪೂರ್ತಿ ಹೋಗದ ಸುಣ್ಣದ ಗೆರೆ.
ಅದರ ನಡುವೆ ನನ್ನ ಬೂಟಿನ ಎರಡು ಗುರುತು.