ಹದಿನಾರು ಮಿಲಿಮೀಟರ್

ಬೆಟಗೇರಿಯ ದವಾಖಾನೆ, ಬುಧವಾರ.
ಏಕನಾಥಸಾ ಬಾಕಳೆ ಅಂಗಿತೋಳು ಮಡಚಿ
ಮೇಜಿನ ಮೇಲೆ ಕೈ ಚಾಚಿದರು,
ಗಿರಾಕಿಯ ಮುಂದೆ ಸೀರೆ ಬಿಚ್ಚಿಟ್ಟ ಹಾಗೆ.

ಸೋಮವಾರ ನಾನು ಚರ್ಮದೊಳಗೆ ಬಿಟ್ಟ ಹನಿ
ಈಗ ಗಟ್ಟಿ ಗುಳ್ಳೆ.
ಕೆಂಪನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಗಡಸನ್ನಷ್ಟೇ.
ಇಲ್ಲಿ ಕಣ್ಣಿಗಿಂತ ಬೆರಳೇ ಖರೆ.
ಆ ಕಡೆಯಿಂದೊಂದು ಪೆನ್ನಿನ ಗೆರೆ, ಈ ಕಡೆಯಿಂದೊಂದು,
ನಡುವೆ ಪ್ಲಾಸ್ಟಿಕ್ ಅಳತೆಪಟ್ಟಿ:
ಹದಿನಾರು.

“ಇಷ್ಟ್ಯಾಕ ಬಾತೈತ್ರಿ ಅಕ್ಕಾರ?
ಏನ ಹಾಕೀರಿ ಅದರಾಗ?”

ಹಾಕಿದ್ದು ಕ್ಷಯದ ಕ್ರಿಮಿಯ ಪ್ರೋಟೀನು, ಜೀವವಿಲ್ಲದ್ದು.
ಬಂದು ಸೇರಿದವರು ನಿಮ್ಮವರೇ.

ಯಾವತ್ತೋ, ತಂಗಿ ಕೆಮ್ಮುತ್ತಿದ್ದ ಕೋಣೆಯಲ್ಲಿ,
ನಿಮ್ಮೆದೆಯ ಟೊಂಗೆಟೊಂಗೆಯ ಕೋಶವೊಂದು
ಕ್ರಿಮಿಯ ತುಣುಕು ಎತ್ತಿಕೊಂಡು
ದುಗ್ಧಗ್ರಂಥಿಯ ತನಕ ನಡೆದುಹೋಯಿತು.
ಅಲ್ಲಿತ್ತು, ಇನ್ನೂ ಏನನ್ನೂ ಕಲಿಯದ ಟಿ ಕಣ.
ತುಣುಕು ತೋರಿಸಿದರೆ ಸಾಲದು.
ಹೇಳುವವರ ದನಿ ಯಾವುದು,
ಕೇಳಿದವನ ಬಾಳು ಆ ಕಡೆಗೆ.
ಇಂಟರ್‌ಲ್ಯೂಕಿನ್ ಹನ್ನೆರಡು ಅಂದರೆ: ನಡಿ,
ಕ್ರಿಮಿ ನುಂಗಿ ಸುಮ್ಮನೆ ಕೂತವರನ್ನು ಎಬ್ಬಿಸು.
ನಾಲ್ಕು ಅಂದಿದ್ದರೆ ಅದೇ ಕಣ
ಜಂತುಹುಳದ ಕಡೆಗೆ ಮುಖ ತಿರುಗಿಸುತ್ತಿತ್ತು.
ಹತ್ತು: ಸಾಕು ಬಿಡು, ಮನೆ ಸುಟ್ಟೀಯೆ.
ಅಂಕಿಗಳು ಯಾರೋ ಕೊಟ್ಟ ಸರದಿ,
ಮಾತಿನ ತೂಕ ಅದರಲ್ಲಿಲ್ಲ.
ಕೆಲವು ಗಳಿಗೆ, ಓಣಿಯ ನಾಲ್ಕು ಮನೆ,
ಅಲ್ಲಿಂದಾಚೆ ಕೇಳುವುದೂ ಇಲ್ಲ.

ಇದರಲ್ಲಿ ಕಾಲುಭಾಗ ಹೇಳಿದ್ದೆನೋ ಏನೋ.
ಅವರು ತಲೆ ಹಾಕಿದರು:
“ನಮ್ಮ ಜಕಾರ್ಡಿನ ರಟ್ಟ ಇದ್ದಂಗ ಅನ್ರಿ.
ಎಳಿ ಎಲ್ಲಾ ಒಂದ. ತೂತ ಎಲ್ಲಿ ಬಡದಾರ
ಅಲ್ಲಿ ಏಳತಾವ.”
ಹೂಂ, ಅಂದೆ. ಪೂರಾ ಹಾಗಲ್ಲ.
ಈ ಮಗ್ಗದಲ್ಲಿ ಎಳೆಯೂ ರಟ್ಟಿಗೆ ತಿರುಗಿ ಮಾತಾಡುತ್ತದೆ,
ಇಂಟರ್‌ಫೆರಾನ್ ಗ್ಯಾಮಾ ಅಂತ,
ಅದನ್ನು ಕೇಳಿ ಎದ್ದವರು ಮತ್ತೆ ಹನ್ನೆರಡು ಕೂಗುತ್ತಾರೆ,
ನೇಯ್ಗೆ ನಡೆದಿರುವಾಗಲೇ ತೂತು ಬದಲಾಗುತ್ತದೆ.
ನಿಮ್ಮ ತೋಳಿನಲ್ಲಿ ಈ ಎರಡು ದಿನ ನಡೆದದ್ದು ಆ ಗದ್ದಲ.
ಹಳೆಯ ಪಾಠ ಮರೆಯದವರು
ದಾರಿ ಹುಡುಕಿಕೊಂಡು ಬಂದು ಗುಂಪುಗೂಡಿದ್ದಾರೆ.

ಆಮೇಲೆ ಚಂಪಾಬಾಯಿ ಬಂದಳು, ಗೋಡೆ ಹಿಡಿದು.
ಮೂವತ್ತೊಂದು ಕಿಲೋ.
ಅದೇ ಸೀಸೆ, ಅದೇ ಅಳತೆಯ ಹನಿ, ಅದೇ ಸೋಮವಾರ.
ಬೆರಳು ಆಡಿಸಿದೆ, ಮತ್ತೊಮ್ಮೆ ಆಡಿಸಿದೆ.
ಸೂಜಿ ಚುಚ್ಚಿದ ಗುರುತು ಬಿಟ್ಟರೆ ಸಪಾಟು.

“ಆಕಿಗೇನೂ ಎದ್ದಿಲ್ಲಲ್ರಿ,” ಅಣ್ಣನ ಮುಖ ಅರಳಿತು,
“ಹಂಗಾರ ಆಕಿಗೆ ಕಡಿಮಿ ಆತು?”

ಆಕೆಯ ಕಫದ ಗಾಜಿನಲ್ಲಿ
ನೀಲಿಯ ಮೇಲೆ ಕೆಂಪು ಕಡ್ಡಿಗಳನ್ನು ಎಣಿಸಿದವಳು ನಾನೇ.
ಕೂಗಿದವರು ಕೂಗಿರಬೇಕು.
ಓಗೊಡುವವರೇ ಉಳಿದಿಲ್ಲವೋ,
ಇದ್ದಬದ್ದವರೆಲ್ಲ ಎದೆಯ ಕಡೆ ಓಡಿದರೋ,
ಹತ್ತರ ಪಿಸುಮಾತು ಎಲ್ಲರ ಬಾಯಿ ಕಟ್ಟಿತೋ,
ಅಳತೆಪಟ್ಟಿಗೆ ಗೊತ್ತಾಗುವುದಿಲ್ಲ.

ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ.
ಕೈ ಮಾತ್ರ ಬಿಟ್ಟಿರಲಿಲ್ಲ.
“ನಿಮ್ಮ ಬಟ್ಟ ಥಣ್ಣಗದಾವ್ರಿ,” ಅಂದಳು.
ಗುಳಿಗಿ ತಪ್ಪಸಬ್ಯಾಡವಾ, ಅಂದೆ. ದಿನಾ ಎರಡು ತತ್ತಿ.
ತಿನ್ನೂದಿಲ್ಲ ಅನಬ್ಯಾಡ.

ಹೊರಗೆ ಬಾಕಿನ ಬಳಿ
ಅಣ್ಣ ಇನ್ನೂ ತೋಳು ಇಳಿಸಿರಲಿಲ್ಲ.
ಹೆಬ್ಬೆರಳಿನಿಂದ ಗುಳ್ಳೆ ಸವರುತ್ತ ನಿಂತಿದ್ದರು,
ಅಂಚಿನಲ್ಲಿ ತಪ್ಪಿದ ಎಳೆ ಎಲ್ಲಿದೆಯೆಂದು
ಕಣ್ಮುಚ್ಚಿ ಹುಡುಕುವವರ ಹಾಗೆ.