ಸುತ್ತುಗಳ ಲೆಕ್ಕ

ಜಗಳವಾಡಿ ಬಿಟ್ಟವನಲ್ಲ ನಾನು.
ಕೇಳಿದವರಿಗೆ ಒಂದು ಕಾರಣ ಕೊಡಬಹುದಿತ್ತು,
ಪಾದ್ರಿ ಹಾಗೆ ಅಂದರು, ಗುರ್ಕಾರ ಹೀಗೆ ಮಾಡಿದ.
ಅಂಥದ್ದೇನೂ ಇಲ್ಲ.
ಒಂದು ಭಾನುವಾರ ಕೊಯಿಪ್ಪಾಡಿಯ ಐಸ್ ಪ್ಲಾಂಟಿನ ಮೋಟಾರು ಸುಟ್ಟಿತು,
ಮೀನು ಹಾಳಾಗುತ್ತದೆಂದು ಓಡಿದೆ.
ಮುಂದಿನ ಭಾನುವಾರ ಯಾರದೂ ಸುಡಲಿಲ್ಲ.
ಆದರೂ ಹೋಗಲಿಲ್ಲ.
ಹಾಗೆ ಹದಿಮೂರು ವರ್ಷ.

ಕುಂಬಳೆ ಪೇಟೆಯಲ್ಲಿ ನನ್ನ ಅಂಗಡಿ.
ವಾರ್ನಿಷಿನ ವಾಸನೆ,
ಬಿಚ್ಚಿ ರಾಶಿ ಹಾಕಿದ ಕರಿ ತಾಮ್ರ.
ಬಾಂಗ್ ಕೇಳಿದರೆ ಮೊಯ್ದು ಇಕ್ಕಳ ಕೆಳಗಿಡುತ್ತಾನೆ.
ಅರ್ಧ ಸುತ್ತಿದ ಕಾಯಿಲಿಗೆ ಟೇಪು ಅಂಟಿಸಿ,
ಎಷ್ಟನೆಯ ಸುತ್ತೆಂದು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದು
ಹೋಗಿ ಬರುತ್ತಾನೆ.
ಗೋಡೆ ತುಂಬ ಅವನ ಸಂಖ್ಯೆಗಳು.
ನೀನ್ಯಾಕೆ ಹೋಗುವುದಿಲ್ಲ ಎಂದು ಅವನು ಒಮ್ಮೆಯೂ ಕೇಳಲಿಲ್ಲ.
ನಾನೇ ಒಮ್ಮೊಮ್ಮೆ ಆ ಗೋಡೆ ನೋಡುತ್ತಿದ್ದೆ.

ತಪಸ್ಸುಕಾಲದ ನಡುವೆ
ಬೇಳದ ಇಗರ್ಜಿಯ ಬಾವಿಯ ಪಂಪು ನಿಂತಿತು.
ತಂದು, ಬಿಚ್ಚಿ, ಹೊಸದಾಗಿ ಸುತ್ತಿ, ಕೂರಿಸಿ,
ಎರಡು ಸಾವಿರದ ಮುನ್ನೂರ ನಲವತ್ತರ ಬಿಲ್ಲು ಬರೆದೆ.
ಎಳೆಯ ಪಾದ್ರಿ, ಕಿಸೆ ತಡವಿದರು.
"ಶನಿವಾರ ಐದಕ್ಕೆ ಬನ್ನಿ, ಇಲ್ಲೇ ಇರುತ್ತೇನೆ."

ಹೋದರೆ, ಅವರು ಕುಮ್ಸಾರಿನ ಪೆಟ್ಟಿಗೆಯೊಳಗೆ.
ಹೊರಗೆ ಗೋಡೆಗೊತ್ತಿ ಒಂದು ಬೆಂಚು, ಆರೇಳು ಜನ.
ತುದಿಯಲ್ಲಿ ಕೂತೆ, ಬಿಲ್ಲು ಕೈಯಲ್ಲಿ.
ಕೊಡೆ ಊರಿಕೊಂಡು ಬಂದ ಸೆರಾಫಿನ್ ಬಾಯಿ,
ಗುರುತು ಸಿಗದೆಯೋ, ಸಿಕ್ಕಿಯೋ,
ಕೇಳಿದಳು: "ಕಡೆಯವರು ನೀವಾ?"
ಹೌದು ಎಂದೆ.
ಹೌದು ಎಂದ ಮೇಲೆ ಏಳುವುದು ಹೇಗೆ?

ಜಾಲರಿಯ ಮುಂದೆ ಮೊಣಕಾಲೂರಿದಾಗ
ಮೊದಲು ಬಾಯಿಗೆ ಬಂದದ್ದು: "ಫಾದರ್, ಪಂಪಿನ ಬಿಲ್ಲು."
ಒಳಗೆ ಮೌನ. ಆಮೇಲೆ,
"ಅದಿರಲಿ. ಮತ್ತೆ?"
ಮತ್ತೆ...
ಆ ಒಂದು 'ಮತ್ತೆ'ಯ ಹಿಂದೆ ಹದಿಮೂರು ವರ್ಷ
ಕ್ರಮವಿಲ್ಲದೆ ಬಂತು. ಏನೆಂದು ಇಲ್ಲಿ ಬರೆಯುವುದಿಲ್ಲ.
ಪ್ರಾಯಶ್ಚಿತ್ತ: ಮೂರು ನಮಾನ್ ಮೋರಿಯೆ.
ಇಷ್ಟೇನಾ ಅಂದುಕೊಂಡು ಕೂತರೆ
ಮೊದಲನೆಯದೇ ಅರ್ಧಕ್ಕೆ ಮರೆತುಹೋಯಿತು.

ಅಂಗಡಿಯ ಲೆಕ್ಕ ಮಲಯಾಳದಲ್ಲಿ, ಬೈಗುಳ ತುಳುವಿನಲ್ಲಿ,
ಇದನ್ನು ಬರೆಯುತ್ತಿರುವುದು ಶಾಲೆಯ ಕನ್ನಡದಲ್ಲಿ.
ಬೇಡುವ ಕೊಂಕಣಿ ಮಾತ್ರ
ಬಳಸದ ಬಾವಿಯ ಹಗ್ಗದಂತೆ ನಡುವೆ ಕಡಿದಿತ್ತು.

(ಬಿಲ್ಲಿನ ಹಣ ಮುಂದಿನ ಶನಿವಾರ ಕೊಟ್ಟರು,
ನಲವತ್ತು ಕಡಿಮೆ.)

ಮನೆಯಲ್ಲಿ ಏಳೂವರೆಗೆ ತೇರ್ಸ್.
ಇಷ್ಟು ವರ್ಷ ಆ ಹೊತ್ತಿಗೆ ಅಂಗಳದಲ್ಲಿ ಸ್ಕೂಟರು ಒರೆಸುತ್ತಿದ್ದೆ,
ಹೊಳೆಯುವ ಸ್ಕೂಟರು, ಊರಲ್ಲೇ ಹೆಸರು.
ಆ ರಾತ್ರಿ ಒಳಗೆ ಬಂದು ಮಗಳ ಪಕ್ಕ ಕೂತಾಗ
ಸೆವ್ರಿನ್ ತಿರುಗಿ ನೋಡಲಿಲ್ಲ.
ನಾನು ಮರೆಯುವ ಸಾಲು ಬಂದಾಗ
ಸ್ವಲ್ಪ, ಸ್ವಲ್ಪವೇ, ಸ್ವರ ಏರಿಸಿದಳು.
ಈಗಲೂ ಏರಿಸುತ್ತಾಳೆ,
ನನಗೆ ಬರುತ್ತದೆಂದು ಗೊತ್ತಿದ್ದೂ.

ದಿನವೂ ಚೆನ್ನಾಗಿ ನಡೆಯುತ್ತದೆ ಎಂದಲ್ಲ.
ಮೂರನೆಯ ರಹಸ್ಯಕ್ಕೆ ತೂಕಡಿಕೆ,
ಮಣಿ ಹಿಡಿದ ಬೆರಳಿಗೆ ವಾರ್ನಿಷಿನ ಅಂಟು.
ಆರರ ಮಿಸಾಕ್ಕೆ ವಾರದಲ್ಲಿ ಎರಡು ದಿನ, ಕೆಲವೊಮ್ಮೆ ಒಂದೇ;
ಸೀತಾಂಗೋಳಿಯ ಏರಿನಲ್ಲಿ ಹಾಲಿನ ವ್ಯಾನಿನ ಹಿಂದೆ
ಒಂದೇ ಗೇರಿನಲ್ಲಿ ತೆವಳುತ್ತ, ತಡವಾಗಿ.
ದೇವರು ಏನಾದರೂ ಹೇಳಿದನಾ, ಮಗಳ ಪ್ರಶ್ನೆ.
ಇಲ್ಲ ಮಗಾ.
ಸುತ್ತುವಾಗ ತಾಮ್ರವೂ ಏನೂ ಹೇಳುವುದಿಲ್ಲ.
ನೂರ ನಲವತ್ತೆರಡು ಸುತ್ತು, ಎಳೆಯ ಪಕ್ಕಕ್ಕೆ ಎಳೆ,
ಎಣಿಕೆ ತಪ್ಪಿದರೆ ಬಿಚ್ಚಿ ಮೊದಲಿನಿಂದ.
ಕರೆಂಟು ಆಮೇಲಿನ ಮಾತು,
ಅದು ನನ್ನ ಕೈಯಲ್ಲಿಲ್ಲ.

ಬೇಳದ ಗಂಟೆ ಕುಂಬಳೆಗೆ ಕೇಳುವುದಿಲ್ಲ.
ಮೊಬೈಲಿನಲ್ಲಿ ಹನ್ನೆರಡಾದಾಗ ನಾನೂ
ಇಕ್ಕಳ ಕೆಳಗಿಟ್ಟು, ಗೋಡೆಯ ಮೇಲೆ ಬರೆದು
ಎದ್ದು ನಿಲ್ಲುತ್ತೇನೆ, ಎರಡು ನಿಮಿಷ.
ಹತ್ತು ದಿನ ಮೊಯ್ದು ಸುಮ್ಮನಿದ್ದ.
ಹನ್ನೊಂದನೆಯ ದಿನ ಸ್ಕೇಲು ತಂದು
ಅವನ ಸಂಖ್ಯೆಗಳ, ನನ್ನ ಸಂಖ್ಯೆಗಳ ನಡುವೆ
ಮೇಲಿಂದ ಕೆಳಗೆ ಒಂದು ಗೆರೆ ಎಳೆದ.
"ಲೆಕ್ಕ ಬೆರೆತರೆ," ಎಂದ,
"ಮೋಟಾರು ಸುಡುತ್ತದೆ, ಗ್ರೆಗರಿಯಣ್ಣ."